ವಿತಂಡಕ್ಕೂ ಒಂದು ಮರ್ಯಾದೆಯಿತ್ತು

ಕನ್ನಡದಲ್ಲಿ ‘ವಿತಂಡ’ ಒಂಟಿಯಾಗಿ ಓಡಾಡುವ ಪದವಲ್ಲ. ಬೆನ್ನಿಗೊಂದು ‘ವಾದ’ ಇರಲೇಬೇಕು. ಅಮ್ಮ ಮಗನಿಗೆ, ಮೇಷ್ಟ್ರು ಹಿಂದಿನ ಬೆಂಚಿನವನಿಗೆ, ಆಡಳಿತ ಪಕ್ಷ ವಿರೋಧ ಪಕ್ಷಕ್ಕೆ, ಚುನಾವಣೆ ಮುಗಿದು ಜಾಗ ಅದಲುಬದಲಾದ ಮೇಲೆ ಅವರು ಇವರಿಗೆ ಹೇಳುವ ಮಾತು ಒಂದೇ: ವಿತಂಡವಾದ ಮಾಡಬೇಡಿ. ಬೈಗುಳವೇ ಆದರೂ ಸ್ವಲ್ಪ ಓದಿಕೊಂಡವರ ಬೈಗುಳ. ‘ಮೊಂಡುವಾದ’ ಬೀದಿಯದು, ‘ವಿತಂಡವಾದ’ ವೇದಿಕೆಯದು ಎಂಬಷ್ಟೇ ವ್ಯತ್ಯಾಸ ಇಟ್ಟುಕೊಂಡು, ಉಳಿದಂತೆ ಎರಡೂ ಒಂದೇ ಎಂದು ಬಳಸುತ್ತೇವೆ. ಒಂದೇ ಅಲ್ಲ.

ಸಂಸ್ಕೃತದಲ್ಲಿ ಇದು ಸ್ತ್ರೀಲಿಂಗದ ‘ವಿತಂಡಾ’. ತಮಿಳರು ‘ವಿದಂಡಾವಾದಂ’ ಎನ್ನುವಾಗ ಆ ಕೊನೆಯ ದೀರ್ಘ ಇನ್ನೂ ಕೇಳಿಸುತ್ತದೆ. ನಾವು ಅದನ್ನು ಕತ್ತರಿಸಿ ನಾಲಗೆಗೆ ಹಗುರ ಮಾಡಿಕೊಂಡೆವು. ಹೊಡೆ, ಬಡಿ ಎಂಬರ್ಥದ ಧಾತುವಿನಿಂದ ನಿಘಂಟುಕಾರರು ಪದವನ್ನು ಬಿಡಿಸುತ್ತಾರೆ. ಎದುರಾಳಿಯ ಪಕ್ಷವನ್ನು ಯಾವುದರಿಂದ ಬಡಿದು ಕೆಡವುತ್ತೇವೋ ಅದು ವಿತಂಡಾ. ಅದೇ ನಿಘಂಟುಗಳಲ್ಲಿ ಈ ಪದಕ್ಕೆ ಸೌಟು, ಕೆಸು ಎಂಬ ಅರ್ಥಗಳೂ ಇವೆ. ಹುಳಿ ಕಡಿಮೆಯಾದ ಪತ್ರೊಡೆ ತಿಂದು ಗಂಟಲು ಕೆರೆದುಕೊಂಡ ಕರಾವಳಿಯವರಿಗೆ, ಮಲೆನಾಡಿನವರಿಗೆ ವಿತಂಡಕ್ಕೂ ಕೆಸುವಿಗೂ ಏನು ನಂಟು ಎಂದು ಯಾರೂ ವಿವರಿಸಬೇಕಿಲ್ಲ. ಭಾಷಾಶಾಸ್ತ್ರ ಒಪ್ಪಲಿ, ಬಿಡಲಿ.

ಪದಕ್ಕೆ ಅಳೆದು ತೂಗಿ ಅರ್ಥ ಕೊಟ್ಟವನು ಅಕ್ಷಪಾದ ಗೌತಮ. ಅವನ ಹೆಸರಿನಲ್ಲಿರುವ ನ್ಯಾಯಸೂತ್ರ ಸುಮಾರು 2ನೇ ಶತಮಾನದ ಹೊತ್ತಿಗೆ ರೂಪುಗೊಂಡ ಗ್ರಂಥ. ಚೆನ್ನಾಗಿ ತಿಳಿದರೆ ಶ್ರೇಯಸ್ಸಿಗೆ ದಾರಿಯಾಗುವ 16 ಪದಾರ್ಥಗಳ ಪಟ್ಟಿ ಅದರ ಮೊದಲ ಸೂತ್ರದಲ್ಲೇ ಇದೆ. ಹತ್ತನೆಯದು ವಾದ, ಹನ್ನೊಂದನೆಯದು ಜಲ್ಪ, ಹನ್ನೆರಡನೆಯದು ವಿತಂಡಾ. ಆಮೇಲೆ ಹೇತ್ವಾಭಾಸ, ಛಲ, ಜಾತಿ, ನಿಗ್ರಹಸ್ಥಾನ. ಮೋಕ್ಷಕ್ಕೆ ಹೊರಟವನು ತಿಳಿಯಬೇಕಾದ 16ರಲ್ಲಿ ಏಳು ಜನ ಹೇಗೆ ಜಗಳವಾಡುತ್ತಾರೆ ಎಂಬುದಕ್ಕೇ ಮೀಸಲು! ಗೌತಮನಿಗೆ ಮನುಷ್ಯರ ಪರಿಚಯ ಚೆನ್ನಾಗಿಯೇ ಇತ್ತು.

ಈ ಏಳರಲ್ಲಿ ಮೊದಲ ಮೂರಕ್ಕೂ ಒಟ್ಟಾಗಿ ‘ಕಥಾ’ ಎಂದು ಹೆಸರು. ವಾದವೆಂದರೆ ಇಬ್ಬರೂ ನಿಜ ಯಾವುದೆಂದು ತಿಳಿಯಲು ಪ್ರಮಾಣ, ತರ್ಕ ಮುಂದಿಟ್ಟುಕೊಂಡು ಕೂರುವುದು. ಜಲ್ಪದಲ್ಲೂ ಇಬ್ಬರಿಗೂ ಒಂದೊಂದು ಪಕ್ಷವಿದೆ, ಆದರೆ ಗುರಿ ಗೆಲುವು, ಅಡ್ಡದಾರಿಗಳಿಗೂ ಅವಕಾಶವಿದೆ. ಈ ಜಲ್ಪದಿಂದ ತನ್ನ ಪಕ್ಷವನ್ನು ಸ್ಥಾಪಿಸುವ ಹೊಣೆಯನ್ನು ಕಳೆದರೆ ಉಳಿಯುವುದು ವಿತಂಡಾ. ವೈತಂಡಿಕ ಎದುರಿನವನ ಮಾತನ್ನು ಮುರಿಯುತ್ತಾನೆ, ತನ್ನದೆಂದು ಏನನ್ನೂ ಕಟ್ಟುವುದಿಲ್ಲ. ಅಂದಮೇಲೆ ‘ವಿತಂಡವಾದ’ ಎಂಬ ನಮ್ಮ ಸಮಾಸ ಗೌತಮನ ಕಿವಿಗೆ ಬಿದ್ದಿದ್ದರೆ ಕಸಿವಿಸಿಯಾಗುತ್ತಿತ್ತು. ಅವನು ಎರಡು ಬೇರೆ ಕೋಣೆಗಳಲ್ಲಿ ಕೂರಿಸಿದ್ದವರನ್ನು ನಾವು ಒಂದೇ ಹಗ್ಗದಲ್ಲಿ ಕಟ್ಟಿದ್ದೇವೆ.

ಮೊಂಡುವಾದಕ್ಕೂ ವಿತಂಡಕ್ಕೂ ಇರುವ ಅಂತರ ಇಲ್ಲಿ ನಿಚ್ಚಳವಾಗುತ್ತದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು ಮೊಂಡ. ಆದರೆ ಅವನ ಕೈಯಲ್ಲಿ ಒಂದು ಮೊಲವಿದೆ. ಎತ್ತಿ ತೋರಿಸು ಅನ್ನಬಹುದು, ಕಾಲು ಎಣಿಸಬಹುದು, ಅವನ ಮಾತು ಸುಳ್ಳು ಎಂದು ಊರ ಮುಂದೆ ಸಾಬೀತು ಮಾಡಬಹುದು. ವೈತಂಡಿಕ ಮೊಲ ಹಿಡಿಯುವ ಗೋಜಿಗೇ ಹೋಗುವುದಿಲ್ಲ. ನಿಮ್ಮ ಮೊಲದ ನಾಲ್ಕನೆಯ ಕಾಲು ನಿಜವಾಗಿಯೂ ಕಾಲೇ ಎಂಬುದಕ್ಕೆ ಏನು ಆಧಾರ ಎಂದು ಕೇಳುತ್ತಾನೆ, ಅಷ್ಟೆ.

ಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನ (ಕಾಮಸೂತ್ರದವನಲ್ಲ, ಇವನು ಬೇರೆ) ಇಂಥವನನ್ನು ಹಿಡಿಯಲು ಒಂದು ಇಕ್ಕುಳ ಮಾಡಿಟ್ಟಿದ್ದಾನೆ. ನಿನ್ನ ಉದ್ದೇಶ ಏನು ಎಂದು ವೈತಂಡಿಕನನ್ನು ಕೇಳಿ. ಇಂಥದ್ದು ಎಂದು ಹೇಳಿದರೆ ಅದು ಅವನ ಪಕ್ಷವಾಯಿತು. ಅದನ್ನು ಸ್ಥಾಪಿಸುವ ಹೊಣೆ ಹೆಗಲಿಗೆ ಬಂತು, ವೈತಂಡಿಕತನ ಅಲ್ಲಿಗೆ ಮುಗಿಯಿತು. ಏನೂ ಇಲ್ಲ ಎಂದರೆ ಅವನು ಲೋಕದ ಸಾಮಾನ್ಯ ಮನುಷ್ಯನೂ ಅಲ್ಲ, ಪರೀಕ್ಷಕನೂ ಅಲ್ಲ. ಅವನೊಡನೆ ಮಾತು ಬೆಳೆಸಲು ಕಾರಣವಿಲ್ಲ. ಎಷ್ಟು ಸರಳ! ಕಷ್ಟವೇನೆಂದರೆ ಈ ಪ್ರಶ್ನೆಯನ್ನು ಇವತ್ತು ಕನ್ನಡದಲ್ಲಿ ಕೇಳುವುದೇ ಕಷ್ಟ. ‘ನಿಮ್ಮ ಪಕ್ಷ ಯಾವುದು?’ ಎಂದರೆ ಕೈಯೋ, ಕಮಲವೋ, ತೆನೆಯೋ ಎಂದು ಕೇಳಿದಂತಾಗುತ್ತದೆ. ಇಕ್ಕುಳ ಇದೆ, ಹಿಡಿಕೆ ಕಳಚಿಹೋಗಿದೆ.

ಯಾವುದಾದರೂ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪನ್ನು ತೆಗೆದುಕೊಳ್ಳಿ. ‘ದಯವಿಟ್ಟು ರಾಜಕಾಲುವೆಗೆ ಕಸ ಸುರಿಯಬೇಡಿ’ ಎಂದು ಒಬ್ಬರು ಫೋಟೊ ಸಮೇತ ಹಾಕುತ್ತಾರೆ. ಮೊದಲ ಉತ್ತರ: ‘ಹೋದ ವರ್ಷ ನಿಮ್ಮ ಮನೆ ಕಟ್ಟುವಾಗ ಮಣ್ಣು ಎಲ್ಲಿಗೆ ಹಾಕಿಸಿದ್ರಿ ಸಾರ್?’ ಎರಡನೆಯದು: ‘ಕಾರ್ಪೊರೇಷನ್‌ನವರೇ ಸುರಿಯೋವಾಗ ಬಾಯಿ ಮುಚ್ಕೊಂಡಿದ್ರಲ್ಲ.’ ಮೂರನೆಯದು: ‘ತೆಂಗಿನ ಗರಿ ಕಸ ಹೇಗಾಗುತ್ತೆ? ಕಸ ಅಂದ್ರೆ ಏನು ಅಂತ ಮೊದಲು ಹೇಳಿ.’ ಮೊದಲಿನವರು ಪಾಪ ಹಸಿ ಕಸ, ಒಣ ಕಸ, ಹೂಳು, ಮಳೆಗಾಲ ಎಂದು ಉದ್ದಕ್ಕೆ ಬರೆಯುತ್ತಾರೆ. ಅದಕ್ಕೆ ಬರುವ ಉತ್ತರ: ‘ಸುರಿಯಿರಿ ಅಂತ ನಾನೆಲ್ಲಿ ಹೇಳ್ದೆ? ಸುಮ್ನೆ ಕೇಳಿದೆ ಅಷ್ಟೆ.’ ಕೆಳಗೆ ಒಂದು ಕೈಮುಗಿದ ಚಿತ್ರ. ಶುದ್ಧ ವಿತಂಡಾ ಎಂದರೆ ಈ ‘ಸುಮ್ನೆ ಕೇಳಿದೆ’. ಬೇರೆಯವರ ಉತ್ತರಗಳಲ್ಲಿ ದ್ವೇಷವೋ ಹಳೆಯ ಲೆಕ್ಕವೋ ಏನೋ ಒಂದು ಇದೆ. ಇವನಲ್ಲಿ ಅದೂ ಇಲ್ಲ, ಇದ್ದರೂ ತೋರಿಸುವುದಿಲ್ಲ.

ಗೌತಮನ ಐದನೆಯ ಅಧ್ಯಾಯ ಈ ಗುಂಪಿಗೆಂದೇ ಬರೆದ ಹಾಗಿದೆ. ಚರ್ಚೆಯಲ್ಲಿ ಯಾವ ಜಾಗಕ್ಕೆ ಬಂದು ನಿಂತರೆ ಸೋತಂತೆ ಎಂಬುದಕ್ಕೆ ನಿಗ್ರಹಸ್ಥಾನ ಎಂದು ಹೆಸರು. ಅಂಥ 22 ಜಾಗಗಳನ್ನು ಅವನು ಗುರುತು ಹಾಕಿದ್ದಾನೆ. ನಿನ್ನಲ್ಲಿ ಈ ದೋಷವಿದೆ ಎಂದರೆ ಅದನ್ನು ಅಲ್ಲಗಳೆಯದೆ ‘ನಿನ್ನಲ್ಲೂ ಇದೆಯಲ್ಲ’ ಎನ್ನುವುದು ಮತಾನುಜ್ಞಾ. ನೀನು ಕಳ್ಳ ಎಂದವನಿಗೆ ನೀನೂ ಕಳ್ಳನೇ ಎಂದು ತಿರುಗಿಸಿದರೆ ನಿನ್ನ ಕಳ್ಳತನವನ್ನು ನೀನೇ ಒಪ್ಪಿಕೊಂಡ ಹಾಗೆ ಎಂಬುದು ಅದರ ಹಿಂದಿನ ಲೆಕ್ಕ. ‘ಆಗ ಎಲ್ಲಿದ್ರಿ?’ ಎಂದು ಕೇಳಿದವರೆಲ್ಲ ಈ ಲೆಕ್ಕದಲ್ಲಿ ಸೋತವರು. ಸಿಕ್ಕಿಬೀಳುವಂತಾದಾಗ ಪ್ರತಿಜ್ಞೆಯನ್ನೇ, ಅಂದರೆ ಸಾಧಿಸಹೊರಟ ಮಾತನ್ನೇ, ಬದಲಿಸುವುದು ಪ್ರತಿಜ್ಞಾಂತರ. ವಿಷಯ ಬಿಟ್ಟು ಇನ್ನೊಂದಕ್ಕೆ ಹಾರುವುದು ಅರ್ಥಾಂತರ. ನನಗೆ ಬಹಳ ಇಷ್ಟವಾದದ್ದು ವಿಕ್ಷೇಪ: ಸೋಲು ಹತ್ತಿರ ಬಂದಾಗ ‘ಸ್ವಲ್ಪ ಕೆಲಸ ಇದೆ, ಆಮೇಲೆ ಬರ್ತೀನಿ’ ಎಂದು ಎದ್ದು ಹೋಗುವುದು. ಇಷ್ಟು ಶತಮಾನ ಕಳೆದರೂ ನೆಪ ಒಂದಿಷ್ಟೂ ಬದಲಾಗಿಲ್ಲ.

ಇವುಗಳ ನಡುವೆ ಅನನುಭಾಷಣ ಎಂಬುದೊಂದಿದೆ. ಎದುರಾಳಿ ಮೂರು ಸಲ ಹೇಳಿದ್ದಾನೆ, ಸಭೆಗೆ ಅರ್ಥವಾಗಿದೆ. ಆದರೂ ಅವನ ಮಾತನ್ನು ತಿರುಗಿ ಹೇಳಲು ನಿನಗೆ ಬರದಿದ್ದರೆ ನೀನು ಸೋತೆ. ಉತ್ತರ ಕೊಡುವ ಮಾತು ಹಾಗಿರಲಿ, ಮೊದಲು ಅವನು ಏನೆಂದ ಎಂದು ಹೇಳು. ಈ ಒಂದು ನಿಯಮವನ್ನು ಜಾರಿಗೆ ತಂದರೆ ನಮ್ಮ ಸುದ್ದಿವಾಹಿನಿಗಳ ಸಂಜೆಯ ಚರ್ಚೆಗಳು ಒಂದೇ ವಾರದಲ್ಲಿ ಬಾಗಿಲು ಹಾಕಬೇಕಾದೀತು.

ವಿತಂಡದ ಒಡಹುಟ್ಟಿದವರು ಕನ್ನಡಕ್ಕೆ ಬಂದು ಏನೇನಾದರು ಎಂಬುದೂ ನೋಡತಕ್ಕದ್ದೇ. ಜಲ್ಪ ಸೊರಗಿ ಬರೀ ಹರಟೆಯಾಯಿತು. ಛಲದ್ದು ಉಲ್ಟಾ ಕಥೆ. ನ್ಯಾಯಶಾಸ್ತ್ರದಲ್ಲಿ ಛಲ ಎಂದರೆ ಎದುರಿನವನ ಮಾತಿಗೆ ಬೇಕೆಂದೇ ಬೇರೆ ಅರ್ಥ ಹಚ್ಚಿ ಕೆಡಹುವ ಮೋಸ. ವಾತ್ಸ್ಯಾಯನನ ಉದಾಹರಣೆ ನಮಗೆ ನೇರವಾಗಿ ದಕ್ಕುತ್ತದೆ: ಇವನದು ನವ ಕಂಬಳಿ ಎಂದು ಒಬ್ಬ ಹೇಳಿದ, ಹೊಸದು ಎಂಬರ್ಥದಲ್ಲಿ. ‘ಒಂಬತ್ತು ಎಲ್ಲಿವೆ, ಒಂದೇ ಇದೆಯಲ್ಲ’ ಎಂದ ಇನ್ನೊಬ್ಬ. ಇದು ವಾಕ್‌ಛಲ. ‘ಊರೇ ಉಗೀತಿದೆ’ ಎಂದರೆ ಊರಿಗೆ ಬಾಯಿ ಎಲ್ಲಿದೆ ಎಂದು ಕೇಳುವುದು ಉಪಚಾರಛಲ. ಇಂಥ ಕಳಪೆ ಕುಲದಿಂದ ಬಂದ ಪದ ಕನ್ನಡದಲ್ಲಿ ಹಿಡಿದದ್ದನ್ನು ಬಿಡದ ಗುಣವಾಗಿ ಬೆಳೆಯಿತು. ರನ್ನ ತನ್ನ ದುರ್ಯೋಧನನನ್ನು ಛಲದಂಕಮಲ್ಲನೆಂದು ಕರೆದ. ಚಂದಮಾಮ ಓದಿ ಬೆಳೆದವರಿಗೆ ಛಲ ಬಿಡದ ತ್ರಿವಿಕ್ರಮ ಗೊತ್ತು. ಇವತ್ತು ಛಲವಿಲ್ಲದ ಹುಡುಗ ಕೆಲಸಕ್ಕೆ ಬಾರದವನು.

ಜಾತಿಯದ್ದು ಇನ್ನೂ ವಿಚಿತ್ರ. ಮೇಲುನೋಟದ ಹೋಲಿಕೆಯನ್ನೋ ವ್ಯತ್ಯಾಸವನ್ನೋ ಹಿಡಿದು ಕೊಡುವ ಹುಸಿ ಉತ್ತರಕ್ಕೆ ಗೌತಮ ಇಟ್ಟ ಹೆಸರು ಜಾತಿ. ಅದರಲ್ಲಿ 24 ಬಗೆ. ಕನ್ನಡಕ್ಕೆ ಆ ಅರ್ಥ ಬೇಕಾಗಲಿಲ್ಲ, ಇನ್ನೊಂದು ಮಾತ್ರ ಬೇಕಾಯಿತು. ನಮ್ಮ ಜಗಳಗಳು ಗೌತಮನ ಜಾತಿಯಿಂದ ಶುರುವಾಗಿ ಈ ಇನ್ನೊಂದು ಜಾತಿಯಲ್ಲಿ ಮುಗಿಯುವುದನ್ನು ನೋಡಿದರೆ ಎರಡೂ ಅರ್ಥ ಉಳಿದುಕೊಂಡಿವೆ ಎಂದೇ ಹೇಳಬೇಕು.

ವೈದ್ಯರ ಲೋಕಕ್ಕೂ ವಿತಂಡಾ ಹೊಕ್ಕಿತ್ತು. ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ ವೈದ್ಯರು ವೈದ್ಯರೊಡನೆ ಹೇಗೆ ಮಾತಾಡಬೇಕು ಎಂಬ ಪಾಠವಿದೆ. ಸ್ನೇಹದ ಚರ್ಚೆ ಸಂಧಾಯ ಸಂಭಾಷೆ, ಹಗೆಯ ಚರ್ಚೆ ವಿಗೃಹ್ಯ ಸಂಭಾಷೆ. ಎರಡನೆಯದಕ್ಕೆ ಇಳಿಯುವ ಮುನ್ನ ಎದುರಾಳಿ ನಿನಗಿಂತ ಮೇಲೋ, ಸಮನೋ, ಕೆಳಗೋ ಎಂದು ತೂಗು. ಸಭೆ ನಿನ್ನ ಕಡೆಗೋ ಅವನ ಕಡೆಗೋ ನೋಡು. ಸಭೆಯೇ ನಿನಗೆ ಎದುರಾಗಿದ್ದರೆ ಯಾರೊಡನೆಯೂ ಬಾಯಿ ಬಿಡಬೇಡ ಎನ್ನುತ್ತಾನೆ ಚರಕ. ಆಮೇಲೆ ಕೆಳಗಿನವನನ್ನು ಸೋಲಿಸುವ ಉಪಾಯಗಳು. ಓದು ಸಾಲದವನನ್ನು ಉದ್ದುದ್ದ ಸೂತ್ರ ಒಪ್ಪಿಸಿ ಮುಳುಗಿಸು. ಅರಿವು ಸಾಲದವನ ಮೇಲೆ ಕಠಿಣ ಪದಗಳನ್ನು ಎಸೆ. ನೆನಪಿನ ಶಕ್ತಿ ಇಲ್ಲದವನಿಗೆ ಸುತ್ತಿ ಬಳಸಿದ ಸರಪಳಿ ವಾಕ್ಯ. ಮಾತು ಬರದವನನ್ನು ಅರ್ಧ ವಾಕ್ಯದಲ್ಲೇ ತಡೆ. ಪಳಗದವನನ್ನು ನಾಚಿಸು, ಸಿಟ್ಟಿನವನನ್ನು ದಣಿಸು, ಅಂಜುಬುರುಕನನ್ನು ಹೆದರಿಸು.

ಇದನ್ನು ಓದುವಾಗ ಮೈ ಜುಂ ಎನ್ನುತ್ತದೆ. ಟ್ರೋಲ್ ಪಡೆಗಳಿಗೆ ತರಬೇತಿ ಕೊಡುವವರು ಇದಕ್ಕಿಂತ ಹೆಚ್ಚೇನು ಹೇಳಿಕೊಡಬಲ್ಲರು? ಡ್ಯುಯೇನ್ ಗಿಶ್ ಎಂಬ ವಿಕಾಸವಾದ ವಿರೋಧಿ ಒಂದೇ ಉಸಿರಿಗೆ ಹತ್ತಾರು ಅರೆಬೆಂದ ವಾದಗಳನ್ನು ಸುರಿದು ಎದುರಾಳಿಗೆ ಉಸಿರಾಡಲು ಬಿಡುತ್ತಿರಲಿಲ್ಲ. ಅದಕ್ಕೆ 1994ರಲ್ಲಿ ಅಮೆರಿಕದ ಯೂಜೀನಿ ಸ್ಕಾಟ್ ‘ಗಿಶ್ ಗ್ಯಾಲಪ್’ ಎಂದು ಹೆಸರಿಟ್ಟರು. ಚರಕನ ಮೊದಲ ಉಪಾಯ ಅದೇ. ನಮ್ಮಲ್ಲಿ ಎಲ್ಲವೂ ಮೊದಲೇ ಇತ್ತು ಎಂದು ಎದೆ ತಟ್ಟಿಕೊಳ್ಳುವ ಸಂಗತಿ ಇದಲ್ಲ. ಇದ್ದದ್ದು ದುರುಳತನ, ಅದು ಎಲ್ಲ ದೇಶದಲ್ಲೂ ಇತ್ತು. ಅರಿಸ್ಟಾಟಲ್ ಕೂಡ ಗ್ರೀಸಿನ ವಾಕ್ಚತುರರ 13 ಮೋಸಗಳನ್ನು ಪಟ್ಟಿ ಮಾಡಿಟ್ಟಿದ್ದಾನೆ. ಚರಕನ ಪರವಾಗಿ ಒಂದು ಮಾತು ಹೇಳಬೇಕು. ಇದೇ ಅಧ್ಯಾಯದಲ್ಲಿ ಅವನು ಎಚ್ಚರಿಸುತ್ತಾನೆ: ಹಗೆಯ ಚರ್ಚೆ ಕೆಲವರಲ್ಲಿ ಕಡು ದ್ವೇಷ ಹುಟ್ಟಿಸುತ್ತದೆ, ಸಿಟ್ಟಿಗೆದ್ದವನು ಮಾಡಬಾರದ್ದು, ಆಡಬಾರದ್ದು ಯಾವುದೂ ಇಲ್ಲ.

ಸತ್ಯ ಹುಡುಕುವ ಶಾಸ್ತ್ರ ಇಂಥ ಕೊಳಕಿಗೆ ಯಾಕೆ ಜಾಗ ಕೊಟ್ಟಿತು? ಗೌತಮನ ಸಮಾಧಾನ ರೈತನದ್ದು. ಮೊಳಕೆಯನ್ನು ದನಕರು ತಿನ್ನದಂತೆ ಮುಳ್ಳಿನ ಕೊಂಬೆ ಕಡಿದು ಬೇಲಿ ಹಾಕುವ ಹಾಗೆ, ಇನ್ನೂ ಎಳೆಯದಾಗಿರುವ ತತ್ತ್ವನಿಶ್ಚಯವನ್ನು ಕಾಯಲು ಜಲ್ಪ, ವಿತಂಡಾ. ಬೆಳೆ ಬೇಲಿಯಲ್ಲ, ಬೇಲಿ ಬೆಳೆಯಲ್ಲ. ಎರಡೂ ಗೊತ್ತಿದ್ದವನ ಕೈಯಲ್ಲಿ ಅದು ಸಾಧನ.

ಬೌದ್ಧ ತಾರ್ಕಿಕ ಧರ್ಮಕೀರ್ತಿಗೆ ಇದು ಸುತರಾಂ ಒಪ್ಪಿಗೆಯಾಗಲಿಲ್ಲ. 7ನೇ ಶತಮಾನದ ಅವನ ‘ವಾದನ್ಯಾಯ’ದಲ್ಲಿ ಬರುವ ಉತ್ತರ ಚಾಟಿಯಂತಿದೆ: ಸತ್ಯದ ರಕ್ಷಣೆಗೆ ಛಲ ನಡೆಯುತ್ತದೆ ಎಂದಾದರೆ ಉಗುರಿನಲ್ಲಿ ಪರಚುವುದು, ಕೆನ್ನೆಗೆ ಬಾರಿಸುವುದು, ಆಯುಧದಿಂದ ಹೊಡೆಯುವುದು, ಬೆಂಕಿ ಇಡುವುದು ಕೂಡ ನಡೆಯುತ್ತದೆ ಎಂದು ಹೇಳಿಬಿಡಿ. ಗೌತಮನ 22 ನಿಗ್ರಹಸ್ಥಾನಗಳನ್ನು ಅವನು ಎರಡಕ್ಕೆ ಇಳಿಸಿದ. ನಿನ್ನ ಮಾತಿಗೆ ಆಧಾರವಲ್ಲದ್ದನ್ನು ಆಡಿದರೆ ಸೋತೆ. ಎದುರಿನವನಲ್ಲಿ ಇರುವ ದೋಷವನ್ನು ತೋರಿಸಲಾಗದಿದ್ದರೆ, ಇಲ್ಲದ ದೋಷವನ್ನು ತೋರಿಸಿದರೆ ಸೋತೆ. ನನ್ನ ಮನಸ್ಸು ಧರ್ಮಕೀರ್ತಿಯ ಕಡೆಗೆ ವಾಲುತ್ತದೆ. ಬೇಲಿಯ ಮುಳ್ಳು ಕೊನೆಗೆ ಹೊಲದವನ ಕಾಲಿಗೇ ಚುಚ್ಚುವುದನ್ನು ನಾವು ಸಾಕಷ್ಟು ನೋಡಿದ್ದೇವೆ.

ಈ ಜಗಳ ಕರ್ನಾಟಕದಲ್ಲಿ ಹಿಡಿದ ದಾರಿ ಬೇರೆ. 13ನೇ ಶತಮಾನದಲ್ಲಿ ಉಡುಪಿಯ ಮಧ್ವಾಚಾರ್ಯರು ‘ಕಥಾಲಕ್ಷಣ’ ಎಂಬ ಪುಟ್ಟ ಗ್ರಂಥ ಬರೆದರು. ಅವರ ಪ್ರಕಾರ ವಾದ ಗುರುಶಿಷ್ಯರ ನಡುವೆ ಅಥವಾ ಸಜ್ಜನರ ನಡುವೆ, ತತ್ತ್ವದ ನಿರ್ಣಯಕ್ಕಾಗಿ. ಜಲ್ಪ ಸಜ್ಜನರ ನಡುವೆಯೇ, ಕೀರ್ತಿಗಾಗಿಯೋ ಸ್ಪರ್ಧೆಗಾಗಿಯೋ. ವಿತಂಡಾ ಎಂದರೆ ಸಜ್ಜನರು ಹಾಗಲ್ಲದವರೊಡನೆ ನಡೆಸುವ, ತಮ್ಮ ತತ್ತ್ವವನ್ನು ಮುಚ್ಚಿಟ್ಟುಕೊಂಡು ನಡೆಸುವ ಚರ್ಚೆ. ನಾವು ವಿತಂಡವನ್ನು ದುರುಳರ ಕೈಯ ಆಯುಧ ಎಂದುಕೊಂಡಿದ್ದರೆ ಇಲ್ಲಿ ಅದು ದುರುಳರ ಎದುರು ಸಜ್ಜನರು ತೊಡುವ ಕವಚ. ತಿಳಿಯುವ ಮನಸ್ಸೇ ಇಲ್ಲದವನ ಮುಂದೆ ನಿನ್ನ ನಂಬಿಕೆಯನ್ನೆಲ್ಲ ಹರವಬೇಡ. ಅವನ ಮಾತು ಎಲ್ಲಿ ಟೊಳ್ಳು ಎಂದಷ್ಟೇ ತೋರಿಸಿ ಎದ್ದು ಬಾ. ಕಾಲುವೆಯ ಕಸದ ಬಗ್ಗೆ ಉದ್ದಕ್ಕೆ ಬರೆದವರು ಈ ಮಾತು ಓದಿದ್ದರೆ ಅವರ ಅರ್ಧ ಗಂಟೆ ಉಳಿಯುತ್ತಿತ್ತು.

ವಿತಂಡವನ್ನು ಮರ್ಯಾದೆಯಿಂದಲೇ ಹೊತ್ತು ನಡೆದವರೂ ಇದ್ದರು. ತನಗೆ ಪ್ರತಿಜ್ಞೆಯೇ ಇಲ್ಲ, ಆದ್ದರಿಂದ ತನಗೆ ದೋಷವಿಲ್ಲ ಎಂದು ಬರೆದ ನಾಗಾರ್ಜುನ, ‘ಖಂಡನಖಂಡಖಾದ್ಯ’ದಲ್ಲಿ ನೈಯಾಯಿಕರ ಒಂದೊಂದೇ ಲಕ್ಷಣವನ್ನು ಹಿಡಿದು ಪುಡಿಮಾಡಿದ 12ನೇ ಶತಮಾನದ ಶ್ರೀಹರ್ಷ ಇಬ್ಬರೂ ಗೌತಮನ ಅಳತೆಯಲ್ಲಿ ವೈತಂಡಿಕರೇ. ಅವರನ್ನು ‘ಸುಮ್ನೆ ಕೇಳಿದೆ’ ಎನ್ನುವವನ ಸಾಲಿನಲ್ಲಿ ನಿಲ್ಲಿಸಲಾಗದು. ತಾನು ಪಕ್ಷವನ್ನು ಸ್ಥಾಪಿಸುವುದಿಲ್ಲ ಎಂಬುದನ್ನು ನಾಗಾರ್ಜುನ ಬಚ್ಚಿಡಲಿಲ್ಲ. ಬಾಗಿಲಲ್ಲೇ ಹೇಳಿ ಒಳಗೆ ಬಂದ. ಇಂದಿಗೂ ನಮ್ಮ ಕ್ರಿಮಿನಲ್ ನ್ಯಾಯಾಲಯಗಳಲ್ಲಿ ಆರೋಪಿಯ ಪರ ವಕೀಲ ಮಾಡುವುದು ವಿತಂಡವನ್ನೇ. ಕೊಲೆ ಯಾರು ಮಾಡಿದರು ಎಂದು ಅವನು ಹೇಳಬೇಕಾಗಿಲ್ಲ. ಸರ್ಕಾರಿ ವಕೀಲರ ಕಥೆಯಲ್ಲಿ ಸಂದೇಹಕ್ಕೆ ಎಡೆಯಿದೆ ಎಂದು ತೋರಿಸಿದರೆ ಸಾಕು. ಆ ಹಕ್ಕು ಇಲ್ಲದಿದ್ದರೆ ಎಷ್ಟು ನಿರಪರಾಧಿಗಳು ಒಳಗಿರುತ್ತಿದ್ದರೋ!

ಆದರೆ ವಕೀಲನ ಎದುರು ನ್ಯಾಯಾಧೀಶ ಇದ್ದಾನೆ. ಹಳೆಯ ವಿತಂಡಕ್ಕೂ ಅಂಥವರಿದ್ದರು. ಕಥಾಲಕ್ಷಣ ಅವರನ್ನು ಪ್ರಾಶ್ನಿಕರು ಎನ್ನುತ್ತದೆ: ರಾಗದ್ವೇಷ ಇಲ್ಲದವರು, ಎಲ್ಲ ವಿದ್ಯೆ ಬಲ್ಲವರು; ಸಂಖ್ಯೆ ಬೆಸವಾಗಿರಬೇಕು ಅಥವಾ ಒಬ್ಬರೇ ಇರಬೇಕು. ಮತ ಸಮ ಸಮ ಆಗಿ ತೀರ್ಪು ನಿಂತುಹೋಗಬಾರದಲ್ಲ. ಪಾಲಿಯ ‘ಮಿಲಿಂದಪಞ್ಹ’ದಲ್ಲಿ ಭಿಕ್ಷು ನಾಗಸೇನ ಗ್ರೀಕ್ ದೊರೆ ಮಿಲಿಂದನಿಗೆ ಮಾತು ಮುಂದುವರಿಸಲು ಷರತ್ತು ಹಾಕುತ್ತಾನೆ. ಪಂಡಿತರ ಹಾಗೆ ಮಾತಾಡುವುದಾದರೆ ಬರುತ್ತೇನೆ, ರಾಜರ ಹಾಗಾದರೆ ಇಲ್ಲ. ಪಂಡಿತರ ಮಾತಿನಲ್ಲಿ ಸುತ್ತುವುದು, ಬಿಚ್ಚುವುದು, ತಪ್ಪು ಹಿಡಿಯುವುದು, ತಿದ್ದಿಕೊಳ್ಳುವುದು ಎಲ್ಲ ಇರುತ್ತದೆ, ಯಾರೂ ಸಿಟ್ಟಾಗುವುದಿಲ್ಲ. ರಾಜರು ಒಂದು ಮಾತು ಹೇಳಿ ಒಪ್ಪದವನಿಗೆ ಶಿಕ್ಷೆ ವಿಧಿಸುತ್ತಾರೆ. ಮಿಲಿಂದ ಪಂಡಿತರ ಬಗೆಯನ್ನು ಒಪ್ಪಿಕೊಂಡ.

ಮುಖಾಮುಖಿಯಾಗದೆಯೂ ಇಂಥ ಮರ್ಯಾದೆಯ ಚರ್ಚೆ ಸಾಧ್ಯವಿತ್ತು. ವಿಜಯನಗರದ ವ್ಯಾಸತೀರ್ಥರು (1539ರಲ್ಲಿ ತೀರಿಕೊಂಡರು, ಆನೆಗೊಂದಿಯ ನವಬೃಂದಾವನದಲ್ಲಿ ಅವರ ಬೃಂದಾವನವಿದೆ) ‘ನ್ಯಾಯಾಮೃತ’ದಲ್ಲಿ ಅದ್ವೈತವನ್ನು ಖಂಡಿಸಿದರು. ಅದಕ್ಕೆ ಮಧುಸೂದನ ಸರಸ್ವತಿ ‘ಅದ್ವೈತಸಿದ್ಧಿ’ಯಲ್ಲಿ ಬಿಂದುವಿಗೆ ಬಿಂದು ಉತ್ತರ ಕೊಟ್ಟರು. ಆ ಉತ್ತರಕ್ಕೆ ರಾಮಾಚಾರ್ಯರು ‘ತರಂಗಿಣಿ’ಯಲ್ಲಿ ಪ್ರತ್ಯುತ್ತರ ಕೊಟ್ಟರು. ತಾಳೆಗರಿ ಕಾಲ್ನಡಿಗೆಯಲ್ಲಿ ಊರೂರು ದಾಟಬೇಕಿದ್ದ ಕಾಲದಲ್ಲಿ ನಡೆದ ಈ ಜಗಳದಲ್ಲಿ ಕಟುಮಾತಿಗೇನೂ ಕೊರತೆಯಿಲ್ಲ. ಆದರೆ ಎದುರಾಳಿ ಏನೆಂದ ಎಂಬುದನ್ನು ಮೊದಲು ಪೂರ್ವಪಕ್ಷವಾಗಿ ಎತ್ತಿ ಬರೆಯದೆ ಯಾರೂ ಖಂಡನೆಗೆ ಕೈಹಾಕಲಿಲ್ಲ.

ಈ ಏರ್ಪಾಡುಗಳೆಲ್ಲ ಕಳಚಿಬಿದ್ದ ಮೇಲೆ ಪದ ಒಂದೇ ಉಳಿಯಿತು. ಆಟ ಹೋಯಿತು, ತೀರ್ಪುಗಾರ ಹೋದ, ಸೋಲಿನ ಜಾಗಗಳ ನಕ್ಷೆ ಹೋಯಿತು. ವಿತಂಡವಾದ ಎಂಬುದು ಕೇವಲ ಬೈಗುಳವಾಗಿ ಯಾರ ಬಾಯಿಗೆ ಬೇಕಾದರೂ ಸಿಗುವಂತಾಯಿತು, ಮುಖ್ಯವಾಗಿ ಪ್ರಶ್ನೆ ಕೇಳಿಸಿಕೊಳ್ಳಲು ಇಷ್ಟವಿಲ್ಲದವರ ಬಾಯಿಗೆ. ರಸ್ತೆಗೆ ಎಷ್ಟು ಖರ್ಚಾಯಿತು ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತವನಿಗೆ ವಿತಂಡವಾದಿ ಎಂದರಾಯಿತು. ದೇವರಿಗೆ ಮಡಿ ಯಾಕೆ ಎಂದ ಸೊಸೆಗೂ ಅದೇ ಹೆಸರು. ಈ ಚಾಳಿ ಪದಕ್ಕಿಂತ ಹಳೆಯದು. ಬೃಹದಾರಣ್ಯಕದಲ್ಲಿ, ಜನಕನ ಸಭೆಯಲ್ಲಿ, ಇದು ಯಾವುದರ ಮೇಲೆ ನಿಂತಿದೆ, ಅದು ಯಾವುದರ ಮೇಲೆ ಎಂದು ಒಂದೊಂದೇ ಮೆಟ್ಟಿಲು ಹತ್ತುತ್ತಾ ಹೋದ ಗಾರ್ಗಿಗೆ ಯಾಜ್ಞವಲ್ಕ್ಯ ಅತಿಯಾಗಿ ಪ್ರಶ್ನಿಸಬೇಡ, ತಲೆ ಉರುಳೀತು ಎನ್ನುತ್ತಾನೆ. ಅವಳ ಪ್ರಶ್ನೆಯಲ್ಲಿ ಛಲವಿರಲಿಲ್ಲ. ಅವಳು ಸುಮ್ಮನಾದಳು, ಸ್ವಲ್ಪ ಹೊತ್ತಿಗೆ ಮತ್ತೆ ಎದ್ದು ನಿಂತು ಇನ್ನೂ ಎರಡು ಕೇಳಿದಳು, ಈ ಸಲ ಉತ್ತರವೂ ಸಿಕ್ಕಿತು.

ಪ್ರಶ್ನೆಗೆ ವಿತಂಡದ ಹಣೆಪಟ್ಟಿ ಹಚ್ಚುವವರಿಗೂ ಗೌತಮ ಒಂದು ಜಾಗ ಇಟ್ಟಿದ್ದ. 22ರಲ್ಲಿ ಕೊನೆಕೊನೆಗೆ ಬರುವ ಒಂದು ನಿಗ್ರಹಸ್ಥಾನದ ಹೆಸರು ನಿರನುಯೋಜ್ಯಾನುಯೋಗ. ಹೆಸರು ಉಚ್ಚರಿಸುವುದರಲ್ಲೇ ಅರ್ಧ ಸೋಲು. ಅರ್ಥ ಮಾತ್ರ ಸರಳ. ತಪ್ಪು ಮಾಡದವನನ್ನು ತಪ್ಪು ಮಾಡಿದೆ ಎಂದು ಹಿಡಿದವನು ತಾನೇ ಸೋತ. ಹಾಗಾಗಿ ಗ್ರಾಮಸಭೆಯ ಖರ್ಚಿನ ಪ್ರಶ್ನೆಗೆ ‘ಇದು ವಿತಂಡವಾದ’ ಎಂಬುದೇ ಉತ್ತರವಾದರೆ, ಹಳೆಯ ನಿಯಮದ ಪ್ರಕಾರ ಪ್ರಾಶ್ನಿಕರು ಅಲ್ಲಿಗೆ ಚರ್ಚೆ ನಿಲ್ಲಿಸಿ ಪ್ರಶ್ನೆ ಕೇಳಿದವನು ಗೆದ್ದ ಎಂದು ಘೋಷಿಸಬೇಕಿತ್ತು.